ಪಾಂಡವಪುರದಂಥ ಸಣ್ಣ ಸ್ಟೇಷನ್ನಿಂದ ದಿನಾ ಓಡಾಡುವವರಿಗೆ: ಪಾಸು, ಕೌಂಟರು, ಲೂಪ್ ಲೈನು, ನಿಲುಗಡೆ

ಕೆನ್ನಾಳು ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಾಂಡವಪುರ ರೈಲ್ವೆ ಸ್ಟೇಷನ್ ಸುತ್ತಲಿನ ಹಳ್ಳಿಗಳವರಿಗಾಗಿ ಪಂಚಾಯಿತಿ ಗ್ರಂಥಾಲಯದ ಬೋರ್ಡಿಗೆ ಹಾಕಲು ಎರಡು ಪುಟದ ಮಾಹಿತಿ ಬರೆಯಬೇಕಾಗಿದೆ. ಸ್ಟೇಷನ್ನು ಊರಿನಿಂದ ನಾಲ್ಕೈದು ಕಿಲೋಮೀಟರ್ ದೂರ. ಮೈಸೂರಿನ ಕಾಲೇಜಿಗೆ ಹೋಗುವ ಮಕ್ಕಳು, ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವವರು, ಸೊಪ್ಪು ತರಕಾರಿ ಹೊತ್ತು ಮೈಸೂರು ಮಾರ್ಕೆಟ್ಟಿಗೆ ಹೋಗುವ ಹೆಂಗಸರು, ಇವರೇ ಇಲ್ಲಿ ಹೆಚ್ಚು. ಕೇಳಿದ್ದನ್ನೇ ಕೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ. ಸರಿಯಾದದ್ದು ಬೇಕು.

ನನಗೆ ಬೇಕಾದ್ದು ಇಷ್ಟು. ತಿಂಗಳ ಪಾಸು ತಗೊಳ್ಳೋದೋ ಮೂರು ತಿಂಗಳದ್ದೋ, ಮೊಬೈಲಿನಲ್ಲಿ ತಗೊಂಡರೆ ಎಲ್ಲಿ ಎಡವಟ್ಟಾಗುತ್ತೆ? ಜನ ಸೇರುವ ಹೊತ್ತಿಗೇ ಟಿಕೆಟ್ ಕಿಟಕಿ ಯಾಕೆ ಮುಚ್ಚಿರುತ್ತೆ? ಜೋಡಿ ಹಳಿ ಆದಮೇಲೂ ಲೋಕಲ್ ರೈಲು ಸ್ಟೇಷನ್ನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲುವುದೇಕೆ? ಕೊನೆಯದಾಗಿ, ಇನ್ನೊಂದು ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲಬೇಕು ಅಂತ ಮನವಿ ಕೊಡುವುದಾದರೆ ಅದರಲ್ಲಿ ಏನು ಬರೆದರೆ ತೂಕ ಬರುತ್ತೆ? ಬರೀ "ಸಾರ್ವಜನಿಕರಿಗೆ ತುಂಬಾ ತೊಂದರೆ" ಅಂತ ಬರೆದ ಅರ್ಜಿಗಳು ವರ್ಷಗಟ್ಟಲೆ ಹಾಗೇ ಬಿದ್ದಿವೆ.

ಮಂಡ್ಯ ಪಾಸುದಾರ

ಪಾಸಿನ ವಿಷಯ ಮೊದಲು ಮುಗಿಸ್ತೀನಿ, ಅದರಲ್ಲೇ ಜನ ಜಾಸ್ತಿ ದುಡ್ಡು ಕಳಕೊಳ್ಳೋದು.

ಸೀಸನ್ ಟಿಕೆಟ್, ಅಂದರೆ ಪಾಸು, ಸಿಗೋದು ಗರಿಷ್ಠ 150 ಕಿಲೋಮೀಟರ್ ತನಕ. ಬೆಂಗಳೂರು ಮೈಸೂರು ಹಳಿ 140ರ ಒಳಗೇ ಇರೋದರಿಂದ ಈ ಲೈನಿನ ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗಾದರೂ ಪಾಸು ಸಿಗುತ್ತೆ. ದರದ ಲೆಕ್ಕ ಹೀಗಿದೆ: ಮೂರು ತಿಂಗಳ ಪಾಸು ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳದ್ದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಭಾಗಿಸಿ ನೋಡಿ, ಮೂರಕ್ಕೂ ಉಳಿತಾಯ ಒಂದೇ, ನೂರಕ್ಕೆ ಹತ್ತು. ವರ್ಷದ್ದು ತಗೊಂಡರೆ ಇನ್ನೂ ಅಗ್ಗ ಅನ್ನೋದು ತಪ್ಪು. ತಗೊಂಡ ಪಾಸಿಗೆ ದುಡ್ಡು ವಾಪಸ್ ಇಲ್ಲ, ಇನ್ನೊಬ್ಬರಿಗೆ ವರ್ಗ ಮಾಡೋಕೂ ಆಗಲ್ಲ. ಕೆಲಸ ಬದಲಾಗಬಹುದು, ಕಾಲೇಜು ರಜೆ ಬರಬಹುದು. ಹಾಗಾಗಿ ನನ್ನ ಲೆಕ್ಕದಲ್ಲಿ ಮೂರು ತಿಂಗಳ ಪಾಸೇ ಸರಿ. ಹತ್ತು ಪರ್ಸೆಂಟ್ ಪೂರ್ತಿ ಸಿಗುತ್ತೆ, ಸಿಕ್ಕಿಹಾಕಿಕೊಳ್ಳೋ ದುಡ್ಡು ಕಮ್ಮಿ.

ಪಾಸಿಗೆ ಆರ್ಡಿನರಿ, ಎಕ್ಸ್‌ಪ್ರೆಸ್ ಅನ್ನೋ ಭೇದ ಇಲ್ಲ. ಮೆಮು (ಕರೆಂಟಿನ ಲೋಕಲ್ ರೈಲು) ಹತ್ತಿ, ಚಾಮುಂಡಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿ, ನಡೆಯುತ್ತೆ. ಸೂಪರ್‌ಫಾಸ್ಟ್ ಹತ್ತಬೇಕಾದರೆ ಮಾತ್ರ ಸೂಪರ್‌ಫಾಸ್ಟ್ ಸರ್ಚಾರ್ಜ್ ಕಟ್ಟಿರಬೇಕು. ರೈಲಿನ ನಂಬರ್ 12ರಿಂದ ಶುರುವಾದರೆ, ಉದಾಹರಣೆಗೆ ಒಡೆಯರ್ ಎಕ್ಸ್‌ಪ್ರೆಸ್ 12613, ಅದು ಸೂಪರ್‌ಫಾಸ್ಟ್. ಶತಾಬ್ದಿ, ವಂದೇ ಭಾರತ್‌ಗೆ ಪಾಸು ನಡೆಯಲ್ಲ. ರಿಸರ್ವ್ ಬೋಗಿಗೂ ನಡೆಯಲ್ಲ, ಸೀಟು ಖಾಲಿ ಇದ್ದರೂ ಅಷ್ಟೇ.

ಬಿಡಿ ಟಿಕೆಟ್ ತಗೊಳ್ಳೋರಿಗೆ ಈ ಭೇದ ಇದೆ, ಅಲ್ಲೇ ಸಿಕ್ಕಿಬೀಳೋದು. ಪಾಂಡವಪುರದಿಂದ ಮೈಸೂರಿಗೆ ಸುಮಾರು 20 ಕಿಲೋಮೀಟರ್. ಪ್ಯಾಸೆಂಜರ್ ಅಥವಾ ಮೆಮುಗೆ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ಸಿಗೆ ಕನಿಷ್ಠ 30 ರೂಪಾಯಿ. ಹತ್ತು ರೂಪಾಯಿ ಟಿಕೆಟ್ ಹಿಡಕೊಂಡು ಎಕ್ಸ್‌ಪ್ರೆಸ್ ಹತ್ತಿದರೆ ಅದು ಸರಿಯಾದ ಟಿಕೆಟ್ ಅಲ್ಲ, ದಂಡ ಬೀಳುತ್ತೆ. ಟಿಕೆಟ್ಟೇ ಇಲ್ಲದೆ ಸಿಕ್ಕರೆ ದಂಡ ಕನಿಷ್ಠ 250 ರೂಪಾಯಿ, ಅದರ ಮೇಲೆ ಪ್ರಯಾಣ ದರ. ಕಿಟಕೀಲಿ "ಮೈಸೂರು ಒಂದು ಕೊಡಿ" ಅನ್ನೋ ಬದಲು "ಮೈಸೂರು, ಎಕ್ಸ್‌ಪ್ರೆಸ್" ಅಂತಲೋ "ಮೈಸೂರು, ಲೋಕಲ್" ಅಂತಲೋ ಹೇಳೋ ಅಭ್ಯಾಸ ಮಾಡಿಕೊಳ್ಳಬೇಕು. ಟಿಕೆಟ್ ಕೈಗೆ ಬಂದ ತಕ್ಷಣ ಅದರ ಮೇಲೆ ರೈಲಿನ ವರ್ಗ ಏನಂತ ಬಿದ್ದಿದೆ ನೋಡಿ, ಕಿಟಕಿ ಬಿಟ್ಟು ಬಂದಮೇಲೆ ಅಲ್ಲ. 200 ಕಿಲೋಮೀಟರಿಗಿಂತ ಕಮ್ಮಿ ದೂರದ ಬಿಡಿ ಟಿಕೆಟ್ಟಿಗೆ ಮೂರು ಗಂಟೆ ಆಯಸ್ಸು, ಅಥವಾ ಆಮೇಲಿನ ಮೊದಲ ರೈಲು ತನಕ. ಬೆಳಗ್ಗೆಯೇ ಸಂಜೆಗೂ ಸೇರಿಸಿ ಟಿಕೆಟ್ ತಗೊಂಡು ಇಟ್ಟುಕೊಂಡರೆ ಉಪಯೋಗಕ್ಕೆ ಬರಲ್ಲ.

ಇನ್ನು ಮೊಬೈಲು. ಈಗ ರೈಲ್‌ಒನ್ ಆ್ಯಪ್‌ನಲ್ಲೇ ಬಿಡಿ ಟಿಕೆಟ್ಟು, ಪ್ಲಾಟ್‌ಫಾರಂ ಟಿಕೆಟ್ಟು, ಪಾಸು ಎಲ್ಲಾ ಸಿಗುತ್ತೆ. ಎಡವೋ ಜಾಗ ನಾಲ್ಕಿವೆ.

ಒಂದು, ಆ್ಯಪ್‌ನಲ್ಲಿ ಮಾಡಿದ ಪಾಸು ಜಾರಿಗೆ ಬರೋದು ಮಾರನೇ ದಿನದಿಂದ. ಸೋಮವಾರ ಬೆಳಗ್ಗೆ ಆಟೋದಲ್ಲಿ ಕೂತು ಪಾಸು ಮಾಡಿ ರೈಲು ಹತ್ತಿದರೆ ಸೋಮವಾರಕ್ಕೆ ನಿಮ್ಮ ಹತ್ತಿರ ಟಿಕೆಟ್ಟೇ ಇಲ್ಲ ಅಂತ ಅರ್ಥ. ಭಾನುವಾರವೇ ಮಾಡಿ, ಇಲ್ಲ ಅಂದರೆ ಆ ಒಂದು ದಿನಕ್ಕೆ ಬಿಡಿ ಟಿಕೆಟ್ ತಗೊಳ್ಳಿ.

ಎರಡು, ಕಾಗದ ಇಲ್ಲದ ಟಿಕೆಟ್ಟನ್ನು ಹಳಿ ಪಕ್ಕ, ಸ್ಟೇಷನ್ ಆವರಣದಲ್ಲಿ ನಿಂತು ಮಾಡೋಕೆ ಆ್ಯಪ್ ಬಿಡಲ್ಲ. ಟಿಟಿಇ (ಟಿಕೆಟ್ ತಪಾಸಣೆಯವರು) ಬಂದಾಗ ಟಿಕೆಟ್ ತೆಗೆಯೋದನ್ನ ತಡೆಯೋಕೆ ಈ ನಿಯಮ. ಸಣ್ಣ ಸ್ಟೇಷನ್ನಲ್ಲಿ ರಸ್ತೆ, ಟೀ ಅಂಗಡಿ ಎಲ್ಲಾ ಹಳಿಗೆ ಅಂಟಿಕೊಂಡೇ ಇರೋದರಿಂದ ಅಲ್ಲಿ ನಿಂತರೂ ಆವರಣದ ಒಳಗೆ ಅಂತಲೇ ಆ್ಯಪ್ ತಿಳಕೊಳ್ಳಬಹುದು. ಮನೆ ಬಿಡುವಾಗಲೇ ಮಾಡಿ. ಮರೆತರೆ ಸ್ಟೇಷನ್ ಗೋಡೆ ಮೇಲೆ ಅಂಟಿಸಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆವರಣದ ಒಳಗಿಂದಲೂ ಆಗುತ್ತೆ.

ಮೂರು, ಸ್ಕ್ರೀನ್‌ಶಾಟ್ ಟಿಕೆಟ್ ಅಲ್ಲ. ಆ್ಯಪ್ ತೆರೆದು ಅದರೊಳಗಿನ ಟಿಕೆಟ್ಟನ್ನೇ ತೋರಿಸಬೇಕು. ನೆಟ್ ಇಲ್ಲದಿದ್ದರೂ ಅದು ತೆರೆಯುತ್ತೆ, ಚಾರ್ಜ್ ಇಲ್ಲದಿದ್ದರೆ ಇಲ್ಲ. ಫೋನು ಆರಿಹೋದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಸೇರ್ತೀರಿ.

ನಾಲ್ಕು, ಪಾಸಿನ ಮೇಲೆ ಬಿದ್ದಿರೋ ಗುರುತಿನ ಚೀಟಿ ನಂಬರಿನ ಕಾರ್ಡು ಜೇಬಲ್ಲಿ ಇರಲೇಬೇಕು. ಆಧಾರ್ ನಂಬರ್ ಕೊಟ್ಟು ಪಾಸು ಮಾಡಿಸಿ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ವಾದ ಶುರುವಾಗುತ್ತೆ.

ಬೆಂಗಳೂರಿಗೆ ಹೋಗೋರು ಪಾಸನ್ನು ಕೆಎಸ್‌ಆರ್ (ಬೆಂಗಳೂರು ಸಿಟಿ ಸ್ಟೇಷನ್) ತನಕ ಮಾಡಿಸಿದರೂ ಮಧ್ಯೆ ಕೆಂಗೇರಿ, ನಾಯಂಡಹಳ್ಳಿಯಲ್ಲಿ ಇಳೀಬಹುದು. ಆದರೆ ದಿನಾ ಕೆಂಗೇರಿಯಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿಯೋರಿಗೆ ಪಾಸು ಕೆಂಗೇರಿ ತನಕ ಸಾಕು. ದೂರದ ಸ್ಲ್ಯಾಬ್ ಬದಲಾದರೆ ಅಷ್ಟು ಉಳಿಯುತ್ತೆ.

ಲೂಪ್‌ಲೈನ್

ಕಿಟಕಿ ಮುಚ್ಚುವುದಕ್ಕೂ ಲೋಕಲ್ ನಿಲ್ಲುವುದಕ್ಕೂ ಸಂಬಂಧ ಇದೆ, ಒಟ್ಟಿಗೇ ಹೇಳುತ್ತೇನೆ.

ದೊಡ್ಡ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡಲು ಬೇರೆ ಗುಮಾಸ್ತರು ಇರುತ್ತಾರೆ. ಎಷ್ಟೋ ಸಣ್ಣ ಸ್ಟೇಷನ್ನುಗಳಲ್ಲಿ ಪಾಳಿಯ ಸ್ಟೇಷನ್ ಮಾಸ್ಟರೇ ಟಿಕೆಟ್ಟನ್ನೂ ಕೊಡಬೇಕು. ರೈಲು ಹತ್ತಿರ ಬಂದಾಗ ಅವರ ಕೆಲಸ ಏನೇನು ಅಂತ ನೋಡಿ. ಹಿಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್, ಅಂದರೆ ರೈಲು ಕಳಿಸಲು ಒಪ್ಪಿಗೆ, ಕೇಳುತ್ತಾರೆ, ಬ್ಲಾಕ್ ಉಪಕರಣದಲ್ಲಿ ಅದನ್ನು ಕೊಡಬೇಕು. ಪ್ಯಾನೆಲ್ಲಿನಲ್ಲಿ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕೀಲು) ತಿರುಗಿಸಿ ಸಿಗ್ನಲ್ ಕೊಡಬೇಕು. ಮುಂದಿನ ಸ್ಟೇಷನ್ನಿಂದ ತಾನು ಲೈನ್ ಕ್ಲಿಯರ್ ಪಡೆಯಬೇಕು. ಪ್ರತಿಯೊಂದರ ಹೊತ್ತನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆ ಹಸಿರು ಬಾವುಟ ಹಿಡಿದು ಹೊರಗೆ ನಿಂತು, ಹೋಗುವ ರೈಲಿನ ಬೋಗಿಗಳಲ್ಲಿ ಹೊಗೆ, ನೇತಾಡುವ ಭಾಗ, ಬಿಸಿಯಾದ ಗಾಲಿ ಇದೆಯೇ ನೋಡಿ, ಕೊನೆಯ ಬೋಗಿಯ ಗುರುತು ಕಂಡು ಒಳಗೆ ಬರಬೇಕು. ಇದರಲ್ಲಿ ಯಾವುದನ್ನೂ ಅರ್ಧಕ್ಕೆ ಬಿಟ್ಟು ಟಿಕೆಟ್ ಹರಿದು ಕೊಡಲು ಆಗುವುದಿಲ್ಲ, ಕೊಡಬಾರದು. ರೈಲು ಬರುವ ಮುಂಚಿನ ಐದಾರು ನಿಮಿಷವೇ ಜನ ಸೇರುವ ಹೊತ್ತು, ಅದೇ ಅವರಿಗೆ ಕೈ ಬಿಡುವಿಲ್ಲದ ಹೊತ್ತು. ನಿಮ್ಮ ಬೋರ್ಡಿನಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: ಟಿಕೆಟ್ಟಿಗೆ ರೈಲಿನ ಸಮಯಕ್ಕೆ ಕಾಲು ಗಂಟೆ ಮುಂಚೆ ಕಿಟಕಿಗೆ ಬನ್ನಿ. ಮೇಲುಕೋಟೆ ವೈರಮುಡಿ ದಿನಗಳಲ್ಲಿ ಅರ್ಧ ಗಂಟೆ.

ಹಾಲ್ಟ್ ಸ್ಟೇಷನ್ನಿನ ಕತೆ ಬೇರೆ. ಅಲ್ಲಿ ಮಾಸ್ಟರ್ ಇರುವುದಿಲ್ಲ, ಸಿಗ್ನಲ್ ಕೆಲಸವೂ ಇಲ್ಲ, ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟ್ ಇರುತ್ತಾರೆ. ಏಜೆಂಟ್ ಬಂದಿಲ್ಲದಿದ್ದರೆ ಸುಮ್ಮನೆ ಹತ್ತಿ ಕೂರಬೇಡಿ. ಹತ್ತುವ ಮೊದಲೇ ರೈಲಿನ ಗಾರ್ಡಿಗೆ, ಈಗಿನ ಹೆಸರಿನಲ್ಲಿ ಟ್ರೈನ್ ಮ್ಯಾನೇಜರಿಗೆ, ಹೇಳಿ ಅನುಮತಿ ಪಡೆಯಬೇಕು. ಹಾಗೆ ಅನುಮತಿ ಪಡೆದವರಿಂದ ದರ ಮಾತ್ರ ವಸೂಲು ಮಾಡುತ್ತಾರೆ, ದಂಡ ಇಲ್ಲ. ಗಾರ್ಡ್ ಇರುವುದು ಕೊನೆಯ ಬೋಗಿಯಲ್ಲಿ, ನಿಲ್ಲುವುದು ಒಂದೇ ನಿಮಿಷ. ಹಾಗಾಗಿ ಮೊದಲೇ ಪ್ಲಾಟ್‌ಫಾರಮ್ಮಿನ ಹಿಂಬದಿಗೆ ಹೋಗಿ ನಿಂತಿರಬೇಕು.

ಇನ್ನು ಲೋಕಲ್ ನಿಲ್ಲುವುದು. ಒಂಟಿ ಹಳಿ ಇದ್ದಾಗ ಎದುರಿನಿಂದ ಬರುವ ರೈಲಿಗೆ ಕಾಯಬೇಕಿತ್ತು, ಅದು ಕ್ರಾಸಿಂಗ್. ಜೋಡಿ ಹಳಿ ಬಂದು ಆ ಕಾಟ ತಪ್ಪಿತು. ಅದಕ್ಕಾಗಿ ಎಷ್ಟು ವರ್ಷ ಕಾಯಬೇಕಾಯಿತು! ಶ್ರೀರಂಗಪಟ್ಟಣದಲ್ಲಿ ಹಳಿ ಹಾಯುವ ಜಾಗದಲ್ಲಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ ಮೇಲೆಯೇ ಅಲ್ಲಿ ಎರಡನೇ ಹಳಿಗೆ ದಾರಿಯಾದದ್ದು. ಆದರೆ ಹಿಂದಿನಿಂದ ಬರುವ ವೇಗದ ರೈಲಿನ ಸಮಸ್ಯೆ ಜೋಡಿ ಹಳಿಯಿಂದ ತಪ್ಪುವುದಿಲ್ಲ. ಮೆಮುವನ್ನು ಲೂಪಿಗೆ, ಅಂದರೆ ಮೇನ್ ಲೈನಿನಿಂದ ಕವಲೊಡೆದು ಮುಂದೆ ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿಗೆ, ಹಾಕಿ, ವಂದೇ ಭಾರತ್ ಅಥವಾ ಶತಾಬ್ದಿಯನ್ನು ಮೇನ್ ಲೈನಿನಲ್ಲಿ ದಾಟಿಸುತ್ತಾರೆ.

ಯಾಕೆ ಹದಿನೈದು ನಿಮಿಷ? ಬ್ಲಾಕ್ ಪದ್ಧತಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ, ಅಂದರೆ ಒಂದು ಬ್ಲಾಕಿನಲ್ಲಿ, ಒಂದು ಲೈನಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಹಿಂದಿನ ಬ್ಲಾಕಿನಲ್ಲಿ ಲೋಕಲ್ ಇದ್ದರೆ ವೇಗದ ರೈಲು ಒಳಗೆ ಬರುವಂತಿಲ್ಲ, ಅದಕ್ಕೇ ಲೋಕಲ್ಲನ್ನು ಮುಂಚೆಯೇ ಲೂಪಿಗೆ ತಂದು ನಿಲ್ಲಿಸುತ್ತಾರೆ. ವೇಗದ ರೈಲು ಹಿಂದಿನ ಬ್ಲಾಕ್ ದಾಟಿ, ನಿಮ್ಮ ಸ್ಟೇಷನ್ ದಾಟಿ, ಮುಂದಿನ ಸ್ಟೇಷನ್ನನ್ನೂ ಪೂರ್ತಿ ದಾಟಿದ ಮೇಲೆಯೇ ಲೋಕಲ್ಲಿಗೆ ಲೈನ್ ಕ್ಲಿಯರ್. ಒಂದೊಂದು ಬ್ಲಾಕಿಗೆ ಐದಾರು ನಿಮಿಷ ಹಿಡಿದರೆ ಲೆಕ್ಕ ಅಲ್ಲಿಗೇ ಬಂತು. ವೇಗದ ರೈಲು ತಡವಾಗಿದ್ದರೆ ಇನ್ನೂ ಜಾಸ್ತಿ.

ಇದನ್ನು ಪ್ಲಾಟ್‌ಫಾರಮ್ಮಿನಿಂದಲೇ ಕಂಡುಹಿಡಿಯಬಹುದು. ರೈಲು ಹೊರಡುವ ದಿಕ್ಕಿಗೆ, ಪ್ಲಾಟ್‌ಫಾರಂ ಮುಗಿಯುವ ಕಡೆ, ಒಂದೊಂದು ಲೈನಿಗೂ ಒಂದು ಸ್ಟಾರ್ಟರ್ ಸಿಗ್ನಲ್ ಇರುತ್ತದೆ. ನಿಮ್ಮ ರೈಲು ನಿಂತ ಲೈನಿನದು ಕೆಂಪಾಗೇ ಇದ್ದು ಪಕ್ಕದ ಮೇನ್ ಲೈನಿನದು ಹಸಿರಾದರೆ, ನಿಲ್ಲದೆ ಹೋಗುವ ರೈಲು ಬರುತ್ತಿದೆ ಎಂದೇ ಅರ್ಥ. ಅದು ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಹಾಯುತ್ತದೆ. ಈ ಹೊತ್ತಿನಲ್ಲೇ ಬಹಳ ಜನ "ಲೋಕಲ್ ನಿಂತಿದೆಯಲ್ಲ, ಹೊರಡೋಕೆ ಇನ್ನೂ ಹೊತ್ತಿದೆ" ಅಂತ ಕಂಬಿ ದಾಟಿ ಆ ಕಡೆಗೆ ಹೋಗುವುದು. ನಿಂತ ಲೋಕಲ್ಲಿನ ಮರೆಯಿಂದ ಮೇನ್ ಲೈನ್ ಕಾಣುವುದೇ ಇಲ್ಲ. ಎಲೆಕ್ಟ್ರಿಕ್ ರೈಲಿನ ಸದ್ದು ಡೀಸೆಲ್ಲಿನಷ್ಟು ಮೊದಲೇ ಕೇಳುವುದೂ ಇಲ್ಲ. ಮೇಲ್ಸೇತುವೆ ಹತ್ತಲು ಎರಡು ನಿಮಿಷ ಬೇಕು, ಹತ್ತಿ.

ಆಲೆಮನೆ

ಹತ್ತುವ ಜಾಗ, ಹೊರೆ, ತಂತಿ. ಈ ಮೂರರ ಬಗ್ಗೆ ನಾನು ಬರೀತೀನಿ, ಹಳ್ಳಿಯವರಿಗೆ ಇದೇ ಮುಖ್ಯ.

ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಗಳು ಇರೋದು ಎರಡು ತುದಿಯಲ್ಲಿ, ಇಂಜಿನ್ ಹಿಂದೆ ಮತ್ತು ಗಾರ್ಡ್ ಬೋಗಿ ಮುಂದೆ. ಈಗಿನ ಹೊಸ ಮಾದರಿಯ (ಎಲ್‌ಎಚ್‌ಬಿ) ಬೋಗಿ ಒಂದಕ್ಕೆ ಸುಮಾರು 24 ಮೀಟರ್. 22 ಬೋಗಿ, ಇಂಜಿನ್ ಸೇರಿಸಿದರೆ ಅರ್ಧ ಕಿಲೋಮೀಟರ್ ದಾಟುತ್ತೆ. ಪ್ಲಾಟ್‌ಫಾರಂ 400 ಮೀಟರ್ ಇದ್ದರೆ ಹದಿನಾರು ಬೋಗಿಗಷ್ಟೇ ನೆಲೆ. ಮಿಕ್ಕವು ಹೊರಗೆ ನಿಲ್ಲುತ್ತವೆ, ಅವೇ ಜನರಲ್ ಬೋಗಿಗಳು! ಜಲ್ಲಿ ಮೇಲೆ ನಿಂತು ಹತ್ತುವಾಗ ಮೆಟ್ಟಿಲು ಎದೆ ಮಟ್ಟಕ್ಕೆ ಬರುತ್ತೆ, ತಲೆ ಮೇಲೆ ಹೊರೆ ಇಟ್ಟುಕೊಂಡ ಹೆಂಗಸರಿಗೆ ಆಗದ ಮಾತು. ಹೊರೆ ಇರೋರು ಮೆಮುಗೇ ಹೋಗಲಿ. ಅದು 8 ಬೋಗಿಯದಾದರೆ ಇನ್ನೂರು ಮೀಟರ್ ಒಳಗೇ ಮುಗಿಯುತ್ತೆ, ಪೂರ್ತಿ ಪ್ಲಾಟ್‌ಫಾರಂ ಮೇಲೆ ನಿಲ್ಲುತ್ತೆ. ಮೆಮುವಿನಲ್ಲಿ ನಾಲ್ಕು ಬೋಗಿಗೊಂದು ಮೋಟರ್ ಕೋಚ್. ನೆತ್ತಿ ಮೇಲೆ ತಂತಿ ಮುಟ್ಟೋ ಪ್ಯಾಂಟೋಗ್ರಾಫ್ ಇದೆಯಲ್ಲ, ಅದೇ. ಯಂತ್ರಕ್ಕೇ ಅದರಲ್ಲಿ ಜಾಗ ಹೋಗಿರೋದರಿಂದ ಕೂರೋಕೆ ಕಮ್ಮಿ. ಅದನ್ನು ಬಿಟ್ಟು ನಿಲ್ಲಿ.

ಹೊರೆ: ಸೆಕೆಂಡ್ ಕ್ಲಾಸ್ ಬಿಡಿ ಟಿಕೆಟ್ಟಿಗೆ 35 ಕೆಜಿ ಪುಕ್ಕಟೆ. ಅದಕ್ಕಿಂತ ಹೆಚ್ಚಿದ್ದರೆ ಮೊದಲೇ ತೂಕ ಹಾಕಿಸಿ ಬುಕ್ ಮಾಡಿಸಬೇಕು. ಬುಕ್ ಮಾಡದೆ ಸಿಕ್ಕರೆ ಹೆಚ್ಚಿನ ತೂಕಕ್ಕೆ ಆರು ಪಟ್ಟು ದರ ಹಾಕುತ್ತಾರೆ. ಸೊಪ್ಪಿನ ಎರಡು ಕುಕ್ಕೆ ಸಾಮಾನ್ಯವಾಗಿ ಈ ಮಿತಿ ದಾಟಲ್ಲ, ನೀರು ಚಿಮುಕಿಸಿದ ಸೊಪ್ಪಾದರೆ ದಾಟಬಹುದು. ಪಂಪ್‌ಸೆಟ್ಟಿಗೆ ಅಂತ ಡೀಸೆಲ್, ಪೆಟ್ರೋಲ್ ಕ್ಯಾನು ಹಿಡಕೊಂಡು ರೈಲು ಹತ್ತೋದು ಜೈಲು ಶಿಕ್ಷೆಯ ಅಪರಾಧ. ಸಣ್ಣ ಕ್ಯಾನಾದರೂ ಅಪರಾಧವೇ.

ತಂತಿ: ಹಳಿ ಮೇಲಿನದು 25,000 ವೋಲ್ಟ್. ಮನೆಗೆ ಬರೋದು 230. ಈ ತಂತಿಯನ್ನು ಮುಟ್ಟಲೇಬೇಕಂತಿಲ್ಲ, ಹತ್ತಿರ ಹೋದರೂ ಕಿಡಿ ಹಾರಿ ಹಿಡಿಯುತ್ತೆ. ಎರಡು ಮೀಟರ್ ದೂರ ಯಾವತ್ತೂ ಇರಬೇಕು, ನಿಮ್ಮ ಕೈಯಲ್ಲಿರೋ ವಸ್ತುವಿನ ತುದಿಯೂ ಸೇರಿ. ತೆಂಗಿನಕಾಯಿ ಕೀಳೋ ದೋಟಿ, ಅಲ್ಯೂಮಿನಿಯಂ ಏಣಿ, ಬೋರ್‌ವೆಲ್ ಪೈಪು, ಇವನ್ನು ನೆಟ್ಟಗೆ ಹಿಡಕೊಂಡು ಹಳಿ ಹತ್ತಿರ ಬರಬಾರದು. ಮೇಲ್ಸೇತುವೆ ಮೇಲೆ ಇನ್ನೂ ಜೋಪಾನ, ಅಲ್ಲಿ ತಂತಿ ನಿಮ್ಮ ಕಾಲಿಗೆ ಹತ್ತಿರ. ಹಸಿ ಕಬ್ಬಿನ ಜಲ್ಲೆ, ಹಸಿ ಬಿದಿರು ಮರದ್ದಲ್ಲವಾ ಏನೂ ಆಗಲ್ಲ ಅಂತಾರೆ. ಒಳಗೆ ರಸ ಇರೋವರೆಗೂ ಅದು ಕರೆಂಟ್ ಹರಿಸುತ್ತೆ.

ಗೇಟ್ ಇರೋ ಕಡೆ ರಸ್ತೆಗೆ ಅಡ್ಡ ಕಬ್ಬಿಣದ ಎತ್ತರದ ಕಮಾನು ನಿಲ್ಲಿಸಿರ್ತಾರೆ, ಸುಮಾರು ನಾಲ್ಕೂಮುಕ್ಕಾಲು ಮೀಟರ್. ಕಾರ್ಖಾನೆಗೆ ಕಬ್ಬು ತುಂಬಿದ ಲಾರಿ, ಟ್ರ್ಯಾಕ್ಟರು ಅದಕ್ಕೆ ತಾಗುತ್ತೆ ಅಂದರೆ ಹೊರೆ ಇಳಿಸಬೇಕೇ ಹೊರತು ಮೇಲೆ ಹತ್ತಿ ಕಬ್ಬು ಬಗ್ಗಿಸಿ ದಾಟಿಸೋಕೆ ಹೋಗಬಾರದು. ಮೇಲೆ ಹತ್ತಿದವರ ತಲೆಗೂ ತಂತಿಗೂ ಅಂತರ ಎಷ್ಟು ಉಳಿಯುತ್ತೆ ನೀವೇ ಯೋಚಿಸಿ.

ಚಿನಕುರಳಿ ರಸ್ತೆ

ವಿದ್ಯಾರ್ಥಿಗಳ ಪಾಸು ಯಾರೂ ಹೇಳಲಿಲ್ಲ. ಮನೆಯಿಂದ ಓದುವ ಜಾಗಕ್ಕೆ ಹೋಗಲು ಹೆಣ್ಣುಮಕ್ಕಳಿಗೆ ಪದವಿ ತನಕ, ಗಂಡುಮಕ್ಕಳಿಗೆ 12ನೇ ತರಗತಿ ತನಕ ಸೆಕೆಂಡ್ ಕ್ಲಾಸ್ ತಿಂಗಳ ಪಾಸು ಉಚಿತ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ, ದುಡ್ಡು ಕೊಟ್ಟು ಪಾಸು ಮಾಡಿಸುತ್ತಿದ್ದಾರೆ. ಕಾಲೇಜಿನ ಮುಖ್ಯಸ್ಥರು ಸಹಿ ಮಾಡಿ ಸೀಲು ಹಾಕಿದ ರೈಲ್ವೆ ನಮೂನೆಯ ರಿಯಾಯಿತಿ ಪತ್ರ ಬೇಕು, ಕೌಂಟರಿನಲ್ಲೇ ಮಾಡಿಸಬೇಕು. ವಾಪಸ್ ಬರುವ ಅರ್ಜಿಗಳಲ್ಲಿ ಹೆಚ್ಚಿನದಕ್ಕೆ ಕಾರಣ ಒಂದೇ: ಪತ್ರದಲ್ಲಿ ಬರೆದ ಸ್ಟೇಷನ್ನಿಗೂ ಮನೆ ವಿಳಾಸಕ್ಕೂ ತಾಳೆ ಇರುವುದಿಲ್ಲ. ವಿಳಾಸ ಚಿನಕುರಳಿ ಇದ್ದರೆ ಹತ್ತಿರದ ಸ್ಟೇಷನ್ ಪಾಂಡವಪುರ ಎಂದು ಕಾಲೇಜಿನವರೇ ಪತ್ರದಲ್ಲಿ ಬರೆದುಕೊಡಬೇಕು. ಊರಿನಿಂದ ಸ್ಟೇಷನ್ನಿಗೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದರಿಂದ ಮನೆಯಿಂದ ಕಾಲೇಜಿನ ತನಕ ಖರ್ಚೇ ಇಲ್ಲ.

ಇನ್ನೊಂದು. ಮಹಾರಾಜ ಕಾಲೇಜು, ಬಲ್ಲಾಳ್ ಸರ್ಕಲ್ ಕಡೆ ಓದುವವರು ಪತ್ರವನ್ನು ಮೈಸೂರಿಗಲ್ಲ, ಚಾಮರಾಜಪುರಂಗೆ ಬರೆಸಿಕೊಳ್ಳಿ. ಅಶೋಕಪುರಂ ತನಕ ಹೋಗುವ ರೈಲುಗಳಲ್ಲಿ ಅಲ್ಲೇ ಇಳಿಯಬಹುದು. ಪಾಸು ಮೈಸೂರಿನ ತನಕ ಮಾತ್ರ ಇದ್ದು ಒಂದು ಸ್ಟೇಷನ್ ಮುಂದೆ ಹೋದರೆ ಆ ಭಾಗಕ್ಕೆ ಟಿಕೆಟ್ ಇಲ್ಲದವರೇ.

ಮಂಡ್ಯ ಪಾಸುದಾರ

ಇದು ನನಗೆ ಹೊಳೆದಿರಲಿಲ್ಲ, ಬೋರ್ಡಿನಲ್ಲಿ ಮೊದಲು ಹಾಕಬೇಕಾದ್ದೇ ಇದು. ಕೂಲಿಯವರಿಗೆ 25 ರೂಪಾಯಿಯ ಇಜ್ಜತ್ ಪಾಸೂ ಇದೆ, 150 ಕಿಲೋಮೀಟರ್ ತನಕ. ಆದರೆ ಆದಾಯದ ಮಿತಿ ತಿಂಗಳಿಗೆ 1,500 ರೂಪಾಯಿ. ಇವತ್ತಿನ ಕೂಲಿಯಲ್ಲಿ ಅದು ನಾಲ್ಕೈದು ದಿನದ ದುಡಿಮೆ. ಈ ಮಿತಿ ಏರಿಸಬೇಕು ಅನ್ನೋದನ್ನೂ ಮನವಿಯಲ್ಲಿ ಸೇರಿಸಿ.

ಲೂಪ್‌ಲೈನ್

ನಿಲುಗಡೆಯ ಮನವಿಗೆ ಬರುತ್ತೇನೆ. ಕೇಳುವ ಮುಂಚೆ ರೈಲ್ವೆಯವರಿಗೆ ಒಂದು ನಿಲುಗಡೆ ಎಷ್ಟು ದುಬಾರಿ ಅಂತ ತಿಳಿದಿರಬೇಕು. "ಒಂದು ನಿಮಿಷ ನಿಲ್ಲಿಸಿದರೆ ಏನು ಗಂಟು ಹೋಗುತ್ತೆ" ಎನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ.

110 ಕಿಲೋಮೀಟರ್ ವೇಗದ ರೈಲು ಹದವಾಗಿ ಬ್ರೇಕ್ ಹಾಕಿ ನಿಲ್ಲಲು ಒಂದೂಕಾಲು ನಿಮಿಷ, ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕು. ಅಷ್ಟೇ ದೂರವನ್ನು ನಿಲ್ಲದೆ ಹೋಗಿದ್ದರೆ 40 ಸೆಕೆಂಡಿನಲ್ಲಿ ದಾಟುತ್ತಿತ್ತು. ಭಾರದ ರೈಲು ಮತ್ತೆ ಅದೇ ವೇಗಕ್ಕೆ ಏರಲು ಮೂರು ನಿಮಿಷದ ಹತ್ತಿರ, ಅದರಲ್ಲಿ ಅರ್ಧ ನಷ್ಟ. ನಿಂತ ಒಂದು ನಿಮಿಷ ಸೇರಿಸಿ, ಒಟ್ಟು ಮೂರು ನಿಮಿಷ. ಪ್ಲಾಟ್‌ಫಾರಂ ಮೇನ್ ಲೈನಿಗೆ ಇಲ್ಲದೆ ಲೂಪಿಗೆ ಮಾತ್ರ ಇದ್ದರೆ, ಕವಲಿನಲ್ಲಿ ಸಾಮಾನ್ಯವಾಗಿ 30 ಕಿಲೋಮೀಟರ್ ವೇಗವೇ ಮಿತಿ. ಅರ್ಧ ಕಿಲೋಮೀಟರ್ ಉದ್ದದ ರೈಲು ಪೂರ್ತಿ ಕವಲು ದಾಟಲು ಒಂದು ನಿಮಿಷ, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ. ಹಾಗೆ ಐದು ನಿಮಿಷ ಆಗುತ್ತದೆ. ಹಿಂದೆ ಬರುತ್ತಿರುವ ರೈಲಿಗೂ ಆ ಐದು ನಿಮಿಷ ತಗಲುತ್ತದೆ. ಹಾಗಾಗಿ ಮೇನ್ ಲೈನಿಗೇ ಪ್ಲಾಟ್‌ಫಾರಂ ಇದ್ದರೆ ಮನವಿಯಲ್ಲಿ ಅದನ್ನು ಎತ್ತಿ ಬರೆಯಿರಿ. ಪ್ಲಾಟ್‌ಫಾರಮ್ಮಿನ ಉದ್ದವನ್ನೂ ಬರೆಯಿರಿ.

ಎಕ್ಸ್‌ಪ್ರೆಸ್ ನಿಲುಗಡೆ ಕೊಡುವುದು ಸ್ಟೇಷನ್ ಮಾಸ್ಟರ್ ಕೈಯಲ್ಲಿಲ್ಲ, ವಿಭಾಗದ ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕರು) ಕೈಯಲ್ಲೂ ಇಲ್ಲ. ವಿಭಾಗದಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೇಂದ್ರ ಕಚೇರಿಗೆ, ಅಲ್ಲಿಂದ ದೆಹಲಿಯ ರೈಲ್ವೆ ಮಂಡಳಿಗೆ ಹೋಗಬೇಕು. ಮೂರೂ ಕಡೆಗೆ ಪ್ರತಿ ಕಳಿಸಿ, ಸಂಸದರ ಪತ್ರ ಜೊತೆಗಿರಲಿ. ಕೊಟ್ಟರೂ ಮೊದಲು ಪ್ರಾಯೋಗಿಕ ನಿಲುಗಡೆ ಎಂದೇ ಕೊಡುತ್ತಾರೆ. ಆ ಅವಧಿಯಲ್ಲಿ ಟಿಕೆಟ್ ಎಷ್ಟು ಹೋಯಿತು ನೋಡಿ ಮುಂದುವರಿಸುತ್ತಾರೆ, ಇಲ್ಲವೇ ತೆಗೆಯುತ್ತಾರೆ. ಕೊಟ್ಟ ನಿಲುಗಡೆ ಉಳಿಯುವುದೂ ಹೋಗುವುದೂ ಈ ಲೆಕ್ಕದ ಮೇಲೆಯೇ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಟಿಕೆಟ್ಟು ನಿಮ್ಮ ಸ್ಟೇಷನ್ನಿನ ಹೆಸರಿನಲ್ಲಿ ಇರಬೇಕು. ಪಾಂಡವಪುರದಲ್ಲಿ ಹತ್ತುವವರು "ಶ್ರೀರಂಗಪಟ್ಟಣದಿಂದ" ಎಂದು ಆ್ಯಪ್‌ನಲ್ಲಿ ಟಿಕೆಟ್ ಮಾಡುವುದು, ಪಾಸನ್ನು "ಮೈಸೂರಿನಿಂದ ಪಾಂಡವಪುರಕ್ಕೆ" ಎಂದು ಮಾಡಿಸುವುದು, ಹತ್ತು ರೂಪಾಯಿ ತಾನೇ ಎಂದು ಟಿಕೆಟ್ಟಿಲ್ಲದೆ ಹೋಗುವುದು, ಇವೆಲ್ಲ ಸೇರಿ ಇನ್ನೂರು ಜನ ಹತ್ತುವ ಸ್ಟೇಷನ್ನನ್ನು ಕಾಗದದ ಮೇಲೆ ನೂರು ಜನದ ಸ್ಟೇಷನ್ ಮಾಡುತ್ತವೆ. ಪಾಸು ಮಾಡಿಸುವಾಗ "ಇಂದ" ಎನ್ನುವ ಜಾಗದಲ್ಲಿ ಪಾಂಡವಪುರ ಇರಲಿ. ಹೋಗಿ ಬರುವುದು ಎರಡೂ ಕಡೆಗೆ ಅದೇ ಪಾಸು, ನಿಮಗೆ ಒಂದು ಪೈಸೆ ವ್ಯತ್ಯಾಸವಿಲ್ಲ.

ಕೆನ್ನಾಳು ದಾರಿ

ಆ ಟಿಕೆಟ್ ಲೆಕ್ಕ ನಮಗೆ ಸಿಗುತ್ತಾ ಸಾರ್? ಸ್ಟೇಷನ್ನಲ್ಲಿ ಕೇಳಿದರೆ ಕೊಡುತ್ತಾರಾ?

ಲೂಪ್‌ಲೈನ್

ಬಾಯಲ್ಲಿ ಕೇಳಿದರೆ ಕೊಡಲಾರರು, ಕೊಡಬೇಕಾದವರೂ ಅವರಲ್ಲ. ಮಾಹಿತಿ ಹಕ್ಕಿನಲ್ಲಿ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. "ಯಾಕೆ ನಿಲುಗಡೆ ಕೊಟ್ಟಿಲ್ಲ" ಎಂದು ಕೇಳಿದರೆ ಅದು ಮಾಹಿತಿಯೇ ಅಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಬೇಕು. ಹೀಗೆ ಬರೆಯಬಹುದು:

"ಪಾಂಡವಪುರ ನಿಲ್ದಾಣದಿಂದ ಹೊರಟ ಪ್ರಯಾಣಕ್ಕೆ ಕಳೆದ 12 ತಿಂಗಳಲ್ಲಿ, ತಿಂಗಳುವಾರು, (ಅ) ಕೌಂಟರಿನಲ್ಲಿ ನೀಡಿದ ಕಾಯ್ದಿರಿಸದ ಟಿಕೆಟ್‌ಗಳ ಸಂಖ್ಯೆ, (ಆ) ಮೊಬೈಲ್ ಮೂಲಕ ನೀಡಿದ ಟಿಕೆಟ್‌ಗಳ ಸಂಖ್ಯೆ, (ಇ) ಸೀಸನ್ ಟಿಕೆಟ್‌ಗಳ ಸಂಖ್ಯೆ, ಉಚಿತ ವಿದ್ಯಾರ್ಥಿ ಪಾಸುಗಳು ಪ್ರತ್ಯೇಕವಾಗಿ, (ಈ) ಒಟ್ಟು ಆದಾಯ. ಈ ದಾಖಲೆಗಳ ಪ್ರತಿ ನೀಡಿ."

ಆ ಅಂಕಿ ಬಂದ ಮೇಲೆ ಮನವಿ ಬರೆಯಿರಿ. ಒಂದೇ ರೈಲು ಕೇಳಿ, ಅದರ ನಂಬರ್ ಹೋಗುವ ದಿಕ್ಕಿನದೂ ಬರುವ ದಿಕ್ಕಿನದೂ ಹಾಕಿ. ಐದು ರೈಲಿನ ಪಟ್ಟಿ ಕೊಟ್ಟರೆ ಒಂದೂ ಸಿಗುವುದಿಲ್ಲ. ಆ ರೈಲಿಗೂ ಅದರ ಹಿಂದಿನ ಮುಂದಿನ ನಿಲ್ಲುವ ರೈಲಿಗೂ ನಡುವೆ ಎಷ್ಟು ಹೊತ್ತು ಖಾಲಿ ಇದೆ ಬರೆಯಿರಿ.

ದೀಪ ಇಲ್ಲ, ಕುಡಿಯುವ ನೀರಿಲ್ಲ, ಕೆಳಸೇತುವೆಯಲ್ಲಿ ಮಳೆ ನೀರು ನಿಂತಿದೆ ಎನ್ನುವಂಥವನ್ನು ಈ ಮನವಿಗೆ ಸೇರಿಸಬೇಡಿ. ಅವಕ್ಕೆ 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಸ್ಟೇಷನ್ ವಿಭಾಗದಲ್ಲಿ ಫೋಟೋ ಹಾಕಿ ದೂರು ಕೊಡಿ, ನಂಬರ್ ಬರೆದಿಟ್ಟುಕೊಳ್ಳಿ. ರೈಲಿನೊಳಗಿನ ದೂರಾದರೆ ಟಿಕೆಟ್ ಮೇಲಿನ ಯುಟಿಎಸ್ ಸಂಖ್ಯೆ ಕೇಳುತ್ತಾರೆ, ಅದಕ್ಕೆ ಟಿಕೆಟ್ಟನ್ನು ಇಳಿಯುವ ತನಕ ಎಸೆಯಬಾರದು.

ಚಿನಕುರಳಿ ರಸ್ತೆ

ಬೋರ್ಡಿನಲ್ಲಿ ರೈಲಿನ ವೇಳೆಯನ್ನು ಪೇಂಟಿನಲ್ಲಿ ಬರೆಸಬೇಡಿ. ವೇಳಾಪಟ್ಟಿ ಬದಲಾಗುತ್ತದೆ, ಹಳೆಯದನ್ನು ನಂಬಿ ಬಂದವರಿಗೆ ರೈಲು ತಪ್ಪುತ್ತದೆ. ವೇಳೆಯನ್ನು ಬೇರೆ ಹಾಳೆಯಲ್ಲಿ ಅಂಟಿಸಿ, ಮೇಲೆ "ಇಂಥ ದಿನಾಂಕದಂದು ನೋಡಿ ಬರೆದದ್ದು" ಎಂದು ಹಾಕಿ, ತಿಂಗಳಿಗೊಮ್ಮೆ ರೈಲ್ವೆಯ ರೈಲು ವಿಚಾರಣೆ ಆ್ಯಪ್ ಎನ್‌ಟಿಇಎಸ್‌ನಲ್ಲಿ ಪರೀಕ್ಷಿಸಿ ಬದಲಾಯಿಸಿ. ಕೆಳಗೆ ಉಚಿತ ಪಾಸಿನ ರಿಯಾಯಿತಿ ಪತ್ರದ ಭರ್ತಿ ಮಾಡಿದ ಮಾದರಿ ಒಂದನ್ನು, ಹೆಸರಿನ ಜಾಗ ಖಾಲಿ ಬಿಟ್ಟು, ಅಂಟಿಸಿ. ಕಾಲೇಜು ಶುರುವಾಗುವ ತಿಂಗಳು ಎಲ್ಲಕ್ಕಿಂತ ಹೆಚ್ಚು ಜನ ನೋಡುವುದು ಅದನ್ನೇ.